ಮನೆಯ ಫೋನು, ಮಗಳ ಇಂಗ್ಲಿಷ್

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಆಡಿದ ಮಾತು)

 

ನಾವು ಶಿಕ್ಷಕರು ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳಬೇಕು. ವರ್ಷಾನುಗಟ್ಟಲೆ ಇಂಗ್ಲಿಷ್ ವ್ಯಾಕರಣ ಬರೆಸಿದೆವು, ಪ್ರಶ್ನೋತ್ತರ ಬಾಯಿಪಾಠ ಮಾಡಿಸಿದೆವು, ಮಕ್ಕಳನ್ನು ಮಾತಾಡಿಸಲಿಲ್ಲ. ಹಾಗಾಗಿ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತಂದವರೂ ಸಂದರ್ಶನದಲ್ಲಿ ತಲೆ ತಗ್ಗಿಸಿ ನಿಲ್ಲುತ್ತಾರೆ.

ಈ ಕೊರತೆ ತುಂಬುವ ಸಾಧನ ಈಗ ನಿಮ್ಮ ಮನೆಯಲ್ಲೇ ಇದೆ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಪಾಠಕ್ಕೆಂದು ಎಷ್ಟೋ ಮನೆಗಳು ಸಾಲ ಮಾಡಿ ಫೋನು ಕೊಂಡವು. ಶಾಲೆ ತೆರೆಯಿತು, ಫೋನಿನಲ್ಲಿ ಪಾಠ ನಿಂತು ರೀಲ್ಸ್ ಉಳಿದವು.

ಮಕ್ಕಳೇ, ದಿನಕ್ಕೆ ಅರ್ಧ ತಾಸು ಸಾಕು. ಯೂಟ್ಯೂಬಿನಲ್ಲಿ ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ಚಿಕ್ಕ ವಿಡಿಯೊ ಒಂದನ್ನು ಹಚ್ಚಿರಿ. ಮೊದಲ ಸಲ ಬರೇ ಕೇಳಿರಿ. ಎರಡನೇ ಸಲ ವೇಗ ತಗ್ಗಿಸಿ, ಕೆಳಗೆ ಮೂಡುವ ಅಕ್ಷರ ಓದಿರಿ. ಮೂರನೇ ಸಲ ನಿಲ್ಲಿಸಿ ನಿಲ್ಲಿಸಿ ಅದರಂತೆ ಹೇಳಿರಿ. ಬಳಿಕ ನಿಮ್ಮೂರಿನ ಬಗ್ಗೆ ಐದು ವಾಕ್ಯ ವಾಟ್ಸ್‌ಆ್ಯಪ್‌ನಲ್ಲಿ ಮಾತಾಡಿ ಕಳಿಸಿರಿ. ಇಳಕಲ್‌ನವರು ಸೀರೆ ನೇಯುವ ಮಗ್ಗದ ಬಗ್ಗೆ ಹೇಳಲಿ. ಬಾದಾಮಿಯವರು ಪ್ರವಾಸಿಗರಿಗೆ ಹೇಳಿದಂತೆ ನಾಲ್ಕು ಗುಹೆಗಳ ಬಗ್ಗೆ ಹೇಳಲಿ.

ಕನ್ನಡದಲ್ಲೂ ಉರ್ದುವಿನಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ; ಅದಕ್ಕೇ ನೀವು ‘ಐ ವಾಟರ್ ಡ್ರಿಂಕ್’ ಎನ್ನುತ್ತೀರಿ. ನಿಮ್ಮದೇ ಧ್ವನಿ ಮರಳಿ ಕೇಳಿದರೆ ‘ಇಸ್ಕೂಲ್’ ಎಂದದ್ದೂ ನಿಮ್ಮ ಕಿವಿಗೆ ಗೊತ್ತಾಗುತ್ತದೆ. ನಾವು ನಿವೃತ್ತರು ಕೇಳಿ, ಒಂದು ಸಲಕ್ಕೆ ಒಂದೇ ತಪ್ಪು ತಿದ್ದುತ್ತೇವೆ. ಹತ್ತು ತಿದ್ದಿದರೆ ಮಗು ಮತ್ತೆ ಬಾಯಿ ತೆರೆಯುವುದಿಲ್ಲ.

ಪಾಲಕರೇ, ಒಂದು ಮಾತು ಬಿಚ್ಚಿ ಹೇಳುತ್ತೇವೆ. ಮನೆಯ ಫೋನು ಮಗನ ಕಿಸೆಯಲ್ಲಿರುತ್ತದೆ. ಮಗಳು ಕೇಳಿದರೆ ‘ನಿನಗ್ಯಾಕ?’ ಎನ್ನುತ್ತೀರಿ. ನಿಮ್ಮ ಅಂಜಿಕೆ ನಮಗೆ ಗೊತ್ತು. ನಾವೂ ಹೆಣ್ಣುಮಕ್ಕಳನ್ನು ಬೆಳೆಸಿದವರೇ. ಫೋನು ನಡುಮನೆಯಲ್ಲಿ, ತಾಯಿಯ ಎದುರಿಗಿರಲಿ. ಫೋಟೊ, ವಿಳಾಸ ಯಾರಿಗೂ ಕೊಡುವುದು ಬೇಡ. ಅಪರಿಚಿತರಿಗೆ ಉತ್ತರ ಬೇಡ. ಮಗಳ ಧ್ವನಿ ಗುಂಪಿಗೆ ಹೋಗುವುದು ಬೇಡವೆಂದರೆ ಶಿಕ್ಷಕಿಯೊಬ್ಬರಿಗಷ್ಟೇ ಕಳಿಸಲಿ. ಆದರೆ ಆ ಅರ್ಧ ತಾಸು ಆಕೆಗೆ ಕೊಡಿರಿ.

ದಾನಿಗಳೇ, ನಿಮ್ಮ ಹಣದಿಂದ ಮಕ್ಕಳ ಫೀ ಕಟ್ಟಿದೆವು, ಪುಸ್ತಕ ಕೊಂಡೆವು. ಫೋನೇ ಇಲ್ಲದ ಮನೆಗಳೂ ಇವೆ. ಓಣಿಗೊಂದು ಫೋನು, ಅದರ ರೀಚಾರ್ಜು, ಇಷ್ಟನ್ನು ಮುಂದಿನ ವರ್ಷ ವಿದ್ಯಾರ್ಥಿವೇತನದ ಜೊತೆ ಸೇರಿಸೋಣ.

ಮುಂದಿನ ಸಭೆಯಲ್ಲಿ ಈ ಮೈಕಿನ ಮುಂದೆ ನಾವಲ್ಲ, ನಿಮ್ಮ ಮಗಳು ನಿಂತು ಇಂಗ್ಲಿಷಿನಲ್ಲಿ ಐದು ವಾಕ್ಯ ಹೇಳಲಿ.