‘ಐಎಸ್‌ಟಿ’ ಅಂದ್ರೆ ಯಾವ ದೇಶದ ಟೈಮು?

ಇವತ್ತಿನ ವಿಷಯ ಸಣ್ಣದು: ಡೇಟಾಬೇಸ್‌ನಲ್ಲಿ ಟೆಕ್ಸ್ಟ್ ಆಗಿ ಕೂತಿರೋ ಟೈಮನ್ನ ನಿಜವಾದ ಡೇಟ್ ಟೈಪಿಗೆ ಬದಲಾಯಿಸೋದು. ಸಣ್ಣದು ಅಂದೆ, ಆದ್ರೆ ನಾನಿದನ್ನ ಮಾಡಿದ್ದು ಪುಣೆಯಲ್ಲಿ, ಸೆಕ್ಯುರಿಟಿ ಗಾರ್ಡ್‌ಗಳ ಹಾಜರಿ ಟೇಬಲ್ ಮೇಲೆ. ಅವರ ನೈಟ್ ಶಿಫ್ಟ್ ಭತ್ಯೆ ಲೆಕ್ಕ ಆಗೋದೇ ಆ ಕಾಲಮ್ಮಿನಿಂದ.

ಕಾಲಂ ವಾರ್‌ಕ್ಯಾರ್. ಒಳಗೆ ‘03/04/2023 22:00 ಐಎಸ್‌ಟಿ’ ಥರದ ಬರಹ. ಟೆಕ್ಸ್ಟಿಗೆ ಕಾಲ ಗೊತ್ತಿಲ್ಲ, ಅಕ್ಷರ ಮಾತ್ರ ಗೊತ್ತು. ಸಾರ್ಟ್ ಮಾಡಿದ್ರೆ 02/01/2024 ಮೊದಲು, 31/12/2023 ಆಮೇಲೆ.

03/04 ಅಂದ್ರೆ ಏಪ್ರಿಲ್ 3 ಅಥವಾ ಮಾರ್ಚ್ 4? ತಾರೀಖು 12ರ ಒಳಗಿದ್ರೆ ಹೇಗೆ ಓದಿದ್ರೂ ಸಲ್ಲುತ್ತೆ, ಎರರ್ ಬರಲ್ಲ. ಅದೇ ಅಪಾಯ. ಹಾಗಾಗಿ ಫಾರ್ಮ್ಯಾಟನ್ನ ಬಾಯಿಬಿಟ್ಟು ಹೇಳಿ: ಡಿಡಿ, ಎಂಎಂ, ವೈವೈವೈವೈ, ಎಚ್‌ಎಚ್24, ಎಂಐ. ನಿಮಿಷಕ್ಕೆ ಎಂಐ, ನೆನಪಿರಲಿ. ರಿಪೋರ್ಟಿನ ಟು_ಚಾರ್‌ನಲ್ಲಿ ಎಂಎಂ ಹಾಕಿದ್ರೆ ಏಪ್ರಿಲ್ ತಿಂಗಳಿಡೀ ಎಲ್ರೂ 04 ನಿಮಿಷಕ್ಕೇ ಬಂದ ಹಾಗೆ ಕಾಣುತ್ತೆ!

ಈಗ ಐಎಸ್‌ಟಿಗೆ ಬರೋಣ. ಪೋಸ್ಟ್‌ಗ್ರೆಸ್‌ನಲ್ಲಿ, 18ಕ್ಕಿಂತ ಹಳೇ ಆವೃತ್ತಿಗಳ ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ, ಆ ಮೂರಕ್ಷರ ಇಸ್ರೇಲ್ ಸಮಯ. ಯುಟಿಸಿಗಿಂತ 2 ಗಂಟೆ ಮುಂದೆ, ನಮ್ಮದು ಐದೂವರೆ. ಟೆಕ್ಸ್ಟನ್ನ ನೇರವಾಗಿ ಕಾಸ್ಟ್ ಮಾಡಿದ್ರೆ ಪ್ರತಿ ಟೈಮೂ ಮೂರೂವರೆ ಗಂಟೆ ಮುಂದಕ್ಕೆ ಜರುಗುತ್ತೆ. ಬಂದದ್ದು, ಹೋದದ್ದು ಎರಡೂ ಒಟ್ಟಿಗೆ ಜರುಗೋದ್ರಿಂದ ಎಂಟು ಗಂಟೆ ಡ್ಯೂಟಿ ಎಂಟೇ ಇರುತ್ತೆ, ಯಾರಿಗೂ ಅನುಮಾನ ಬರಲ್ಲ. ಆದ್ರೆ ಮಾರ್ಚ್ 31ರ ರಾತ್ರಿ ಹತ್ತು ಗಂಟೆ ಏಪ್ರಿಲ್ 1ರ ಒಂದೂವರೆ ಆಗಿರುತ್ತೆ. ಆ ರಾತ್ರಿಯ ದುಡ್ಡು ಮುಂದಿನ ತಿಂಗಳಿಗೆ ಹೋಯ್ತು. ಮನೆ ಬಾಡಿಗೆ ಕಟ್ಟೋರಿಗೆ ಇದು ಸಣ್ಣ ವಿಷಯ ಅಲ್ಲ.

ನಾನು ಮಾಡಿದ್ದು ಇಷ್ಟು: ಐಎಸ್‌ಟಿ ಕಿತ್ತು ಹಾಕಿ, ಉಳಿದದ್ದನ್ನ ಝೋನ್ ಇಲ್ಲದ ಟೈಮ್‌ಸ್ಟ್ಯಾಂಪ್ ಮಾಡಿ, ಆಮೇಲೆ ‘ಅಟ್ ಟೈಮ್ ಝೋನ್ ಏಷ್ಯಾ/ಕೋಲ್ಕತಾ’ ಅಂತ ಹೇಳಿದ್ದು. ಊರಿನ ಹೆಸರಲ್ಲಿ ಗೊಂದಲ ಇಲ್ಲ.

ಹಳೇ ಕಾಲಮ್ಮನ್ನ ಮುಟ್ಟಬೇಡಿ, ಪಕ್ಕದಲ್ಲಿ ಹೊಸದು ಮಾಡಿ. ಬದಲಾಗದ ಸಾಲುಗಳು ಇದ್ದೇ ಇರ್ತವೆ: ಖಾಲಿ ಬಿಟ್ಟಿದ್ದು, ಟೈಮಿನ ಜಾಗದಲ್ಲಿ ‘ವೀಕ್ಲಿ ಆಫ್’ ಅಂತ ಬರೆದಿದ್ದು. ಅವನ್ನ ನಲ್ ಮಾಡಿ ಮರೆತುಬಿಡಬೇಡಿ. ಅದರಲ್ಲಿ ಒಂದೊಂದೂ ಯಾರದೋ ಒಂದು ದಿನದ ಕೂಲಿ ಇರಬಹುದು. ನಾನು ಬೇರೆ ಟೇಬಲ್ಲಿಗೆ ಹಾಕಿ, ಗೇಟಿನಲ್ಲಿ ಕೈಲಿ ಬರೆದ ರಿಜಿಸ್ಟರ್ ತರಿಸಿ ನೋಡಿದೆ. ತಿಂಗಳ ಕೊನೇ ರಾತ್ರಿಗಳನ್ನೂ, 12ರ ಒಳಗಿನ ತಾರೀಖುಗಳನ್ನೂ ಅದರ ಜೊತೆಗೇ ತಾಳೆ ಹಾಕಿದೆ. ಎರಡು ತಿಂಗಳ ಸಂಬಳ ಸರಿಯಾಗಿ ಆದಮೇಲೇ ಹಳೇ ಕಾಲಂ ಅಳಿಸಿದ್ದು.