ಬಿಡುಗಡೆಯ ಹೆಸರಿನಲ್ಲಿ 49 ವರ್ಷದ ಸಾಲ
(ರೈತರ ಅಧ್ಯಯನ ಶಿಬಿರದಲ್ಲಿ ಆಡಿದ ಮಾತಿನ ಬರಹ ರೂಪ)



ರಷ್ಯಾ ಅಂದ ಕೂಡಲೇ ನಮಗೆ 1917, ಲೆನಿನ್, ಕ್ರಾಂತಿ ಇಷ್ಟೇ ನೆನಪಾಗುತ್ತೆ. ಅದಕ್ಕೆ ಮುಂಚೆ, ಚಕ್ರವರ್ತಿಗಳ ಕಾಲದಲ್ಲಿ, ಅಲ್ಲಿಯ ಹಳ್ಳಿಯವನ ಕೈಯಿಂದ ದುಡ್ಡು ಹೇಗೆ ಕೀಳ್ತಿದ್ದರು, ವಸೂಲಿಗೆ ಬಾಗಿಲಿಗೆ ಬರ್ತಿದ್ದವನು ಯಾರು ಅನ್ನೋದನ್ನು ಹೇಳುವವರು ಕಡಿಮೆ. ಇಡೀ ದೇಶದ ಕಥೆ ಬೇಡ. ಒಂದೇ ಒಂದು ತಾಲ್ಲೂಕು ಹಿಡಿದು ಹೇಳ್ತೇನೆ. ಅದರ ಹೆಸರು ಕ್ರಾಪಿವ್ನಾ. ಮಾಸ್ಕೋದ ದಕ್ಷಿಣಕ್ಕೆ ತುಲಾ ಪ್ರಾಂತ್ಯದಲ್ಲಿತ್ತು. ಅವರ ಭಾಷೆಯಲ್ಲಿ ಇಂಥ ತಾಲ್ಲೂಕಿಗೆ ಉಯೆಜ್ದ್ ಅಂತಾರೆ. ಸಾಹಿತಿ ಟಾಲ್‌ಸ್ಟಾಯ್ ಅವರ ಊರು ಯಾಸ್ನಾಯಾ ಪೋಲ್ಯಾನಾ ಇದ್ದದ್ದು ಇದೇ ಉಯೆಜ್ದಿನಲ್ಲಿ.

ಹಳೇ ಊರು ಅದು. ತಾತಾರರ ದಾಳಿ ತಡೆಯೋಕೆ ಹದಿನಾರನೇ ಶತಮಾನದಲ್ಲಿ ಕಟ್ಟಿದ ಗಡಿಸಾಲಿನ ಒಂದು ಕೋಟೆ. ಗಡಿ ದಕ್ಷಿಣಕ್ಕೆ ಸರಿದ ಮೇಲೆ ಕೋಟೆಗೆ ಕೆಲಸ ಉಳೀಲಿಲ್ಲ. 1775ರಲ್ಲಿ ರಾಣಿ ಕ್ಯಾಥರೀನ್ ಆಡಳಿತವನ್ನು ಹೊಸದಾಗಿ ಕತ್ತರಿಸಿದಳು. ಆ ಕತ್ತರಿ ಹೇಗೆ ಓಡಿತು ಗೊತ್ತೇ? ನದಿ ನೋಡಿ ಅಲ್ಲ, ಮಣ್ಣು ನೋಡಿ ಅಲ್ಲ. ಒಂದು ಉಯೆಜ್ದಿಗೆ 20ರಿಂದ 30 ಸಾವಿರ ‘ಜೀವ’ ಇರಬೇಕು ಅಂತ. ಜೀವ ಅಂದರೆ ಗಂಡಸಿನ ತಲೆ. ಯಾಕೆಂದರೆ ತಲೆಗಂದಾಯ ಬೀಳ್ತಿದ್ದದ್ದು ಗಂಡಸಿನ ಮೇಲೆ. ಹೆಂಗಸು ಹೊಲದಲ್ಲಿ ಎಷ್ಟು ಗೇದರೂ ಆ ಲೆಕ್ಕಕ್ಕೆ ಇಲ್ಲ. 1777ರಲ್ಲಿ ಕ್ರಾಪಿವ್ನಾ ಈ ಹೊಸ ಏರ್ಪಾಟಿನಲ್ಲಿ ಉಯೆಜ್ದ್ ಪಟ್ಟಣವಾಯಿತು.

ಅಲ್ಲಿಯ ಅಧಿಕಾರಿ ಇಸ್ಪ್ರಾವ್ನಿಕ್. ನಮ್ಮ ಹಳೇ ಅಮಲ್ದಾರನನ್ನೂ ಪೊಲೀಸ್ ಇನ್ಸ್‌ಪೆಕ್ಟರನನ್ನೂ ಒಂದೇ ಅಂಗಿಯಲ್ಲಿ ತುರುಕಿದ ಹಾಗೆ. 1862ರವರೆಗೆ ಅವನನ್ನು ಆರಿಸ್ತಿದ್ದವರು ಆ ಉಯೆಜ್ದಿನ ಜಮೀನ್ದಾರರೇ. ರೈತ ಧಣಿಯ ಮೇಲೆ ದೂರು ಕೊಡಬೇಕಾದರೆ, ಧಣಿಯೇ ಆರಿಸಿ ಕೂರಿಸಿದವನ ಹತ್ತಿರ ಕೊಡಬೇಕು! ಆಮೇಲೆ ಸರ್ಕಾರವೇ ನೇಮಿಸೋಕೆ ಶುರುಮಾಡಿತು.

ಈಗ ಮುಖ್ಯ ವಿಷಯಕ್ಕೆ ಬರ್ತೇನೆ. 1861ರ ಫೆಬ್ರವರಿ 19ರಂದು ಚಕ್ರವರ್ತಿ ಎರಡನೇ ಅಲೆಕ್ಸಾಂಡರ್ ಜೀತದಿಂದ ರೈತರಿಗೆ ಬಿಡುಗಡೆ ಅಂತ ಸಹಿ ಹಾಕಿದ. ಪುಸ್ತಕಗಳಲ್ಲಿ ಇದನ್ನು ಬಹಳ ಹೊಗಳಿದ್ದಾರೆ. ಹೊಗಳಲಿ. ಲೆಕ್ಕ ಮಾತ್ರ ನೀವೇ ನೋಡಿ.

ರೈತ ಧಣಿಗೆ ವರ್ಷಕ್ಕೆ 9 ರೂಬಲ್ ಗೇಣಿ ಕೊಡ್ತಾನೆ ಅಂತ ಇಟ್ಟುಕೊಳ್ಳಿ. ಈ 9 ರೂಬಲ್ ನೂರಕ್ಕೆ 6ರ ಬಡ್ಡಿ ಆಗಬೇಕಾದರೆ ಅಸಲು ಎಷ್ಟಿರಬೇಕು? 150. ಅದೇ ಜಮೀನಿನ ಬೆಲೆ ಅಂದರು! ಪೇಟೆ ಬೆಲೆಯಲ್ಲ, ಬೆಳೆ ಬೆಲೆಯಲ್ಲ, ಧಣಿಯ ವರಮಾನದ ಬೆಲೆ. ಪೂರ್ತಿ ಹಿಡುವಳಿ ಪಡೆದವರ ಲೆಕ್ಕದಲ್ಲಿ ಇದರ ನೂರಕ್ಕೆ 80, ಅಂದರೆ 120 ರೂಬಲ್, ಸರ್ಕಾರ ಬಾಂಡಿನ ರೂಪದಲ್ಲಿ ಧಣಿಗೆ ಕೊಡುತ್ತೆ. ಉಳಿದ 30 ಒಪ್ಪಂದದ ಪ್ರಕಾರ ರೈತನೇ ಧಣಿಗೆ ಕೊಡಬೇಕು. ಸರ್ಕಾರ ಕೊಟ್ಟ ಆ 120ಕ್ಕೆ ರೈತ ವರ್ಷಕ್ಕೆ 7 ರೂಬಲ್ 20 ಕೊಪೆಕ್‌ನಂತೆ 49 ವರ್ಷ ಕಟ್ಟಬೇಕು. ಗುಣಿಸಿ ನೋಡಿ. 352 ರೂಬಲ್ 80 ಕೊಪೆಕ್. 120ಕ್ಕೆ 352! ಅಪ್ಪ ಸಹಿ ಹಾಕಿದ ಸಾಲ ಮೊಮ್ಮಗನ ಕಾಲಕ್ಕೂ ಮುಗಿಯೋದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ತುಲಾ ಕಡೆ ಬಹಳ ಜನ ಹಣದ ಗೇಣಿ ಕೊಡ್ತಿರಲಿಲ್ಲ, ಧಣಿಯ ಹೊಲದಲ್ಲಿ ಬಿಟ್ಟಿ ಗೇಯ್ತಿದ್ದರು. ಮೈ ದುಡಿಮೆಯ ಬೆಲೆಯನ್ನೂ ನೆಲದ ಲೆಕ್ಕಕ್ಕೆ ಸೇರಿಸಿದರು. ಮನುಷ್ಯನನ್ನು ಪುಕ್ಕಟೆ ಬಿಟ್ಟೆವು ಅಂತ ಕಾಗದದಲ್ಲಿ ಬರೆದು, ಅವನ ಬೆಲೆಯನ್ನು ಅವನಿಂದಲೇ ಮಣ್ಣಿನ ಹೆಸರಲ್ಲಿ ವಸೂಲು ಮಾಡಿದರು. 1906ರಲ್ಲಿ ಲೊಸಿಟ್ಸ್ಕಿ ಎಂಬಾತ ಇಡೀ ದೇಶದ ಲೆಕ್ಕ ತೆಗೆದ. ಬಿಡುಗಡೆಗೆ ಮುಂಚಿನ ಪೇಟೆ ದರದಲ್ಲಿ 544 ಮಿಲಿಯ ರೂಬಲ್ ಆಗುವ ಜಮೀನಿಗೆ ಕಟ್ಟಿದ ಬೆಲೆ 867 ಮಿಲಿಯ. ಮೇಲಾಗಿ ಹಿಡುವಳಿ ನಿಗದಿಗಿಂತ ಹೆಚ್ಚಾಯಿತು ಅಂತ ರೈತರು ಉಳ್ತಿದ್ದ ನೆಲದ ತುಂಡುಗಳನ್ನು ಧಣಿ ಕತ್ತರಿಸಿಕೊಂಡ. ಯಾವ ತುಂಡು? ಹುಲ್ಲುಗಾವಲು, ನೀರಿನ ದಾರಿ, ಕಾಡಿನ ಅಂಚು. ದನಕ್ಕೆ ನೀರು ಕುಡಿಸಬೇಕಾದರೆ ಮತ್ತೆ ಧಣಿಯ ಹೊಲದಲ್ಲಿ ಗೇಯಬೇಕು.

ಧಣಿಗಳ ಸ್ಥಿತಿಯನ್ನೂ ಹೇಳಿಬಿಡ್ತೇನೆ. 1859ರ ಹೊತ್ತಿಗೆ ಜೀತದ ರೈತರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಅವರು ಸರ್ಕಾರಿ ಬ್ಯಾಂಕುಗಳಲ್ಲಿ ಅಡವಿಟ್ಟಿದ್ದರು. ಹೌದು, ಮನುಷ್ಯರನ್ನು. ಆ ಬಾಕಿಯನ್ನು ಪರಿಹಾರದ ಹಣದಲ್ಲಿ ಮುರಿದುಕೊಂಡರು. ಅಂದರೆ ಸಾಹುಕಾರನ ಸಾಲ ಬಡವನ ತಲೆಗೆ ವರ್ಗವಾಯಿತು, ಅದೂ ಕಾನೂನಿನ ಮುದ್ರೆ ಹಾಕಿಸಿಕೊಂಡು.

ಧಣಿ-ರೈತರ ನಡುವೆ ಪಾಲು ಮಾಡಿಸೋಕೆ ಮಧ್ಯಸ್ಥಗಾರರನ್ನು ನೇಮಿಸಿದರು. 1861ರಲ್ಲಿ ಕ್ರಾಪಿವ್ನಾದ ನಾಲ್ಕನೇ ವಿಭಾಗಕ್ಕೆ ಸ್ವತಃ ಟಾಲ್‌ಸ್ಟಾಯ್ ಮಧ್ಯಸ್ಥಗಾರರಾದರು. ಅಲ್ಲಿಯ ಜಮೀನ್ದಾರರು ಮೊದಲೇ ವಿರೋಧಿಸಿದ್ದರು. ಇವರು ರೈತರ ಪರ ತೀರ್ಪು ಕೊಡೋದು, ಉಯೆಜ್ದಿನ ಸಭೆ ಅದನ್ನು ತಳ್ಳಿಹಾಕೋದು. ಒಂದು ವರ್ಷಕ್ಕೇ ಸಾಕಾಯಿತು. 1862ರಲ್ಲಿ ಅನಾರೋಗ್ಯದ ಕಾರಣ ಕೊಟ್ಟು ಹೊರಬಂದರು. ಅವರು ಕೌಂಟ್ ಆಗಿದ್ದವರು, ರಾಜೀನಾಮೆ ಕೊಡಬಹುದಿತ್ತು. ರೈತ ಎಲ್ಲಿಗೆ ರಾಜೀನಾಮೆ ಕೊಡ್ತಾನೆ?

ವಸೂಲಿ ಹೇಗೆ ಅಂದರೆ, ಸಾಲ ಒಬ್ಬೊಬ್ಬನ ಹೆಸರಲ್ಲಿರಲಿಲ್ಲ, ಊರಿನ ಹೆಸರಲ್ಲಿತ್ತು. ಊರಿನ ಕೂಟಕ್ಕೆ ಮೀರ್ ಅಂತಾರೆ. ಹೊಲವನ್ನು ಮನೆಮನೆಗೆ ಹಂಚೋದೂ ಅದೇ, ಕಂದಾಯ ಎತ್ತೋದೂ ಅದೇ. ಒಬ್ಬ ಕಟ್ಟದಿದ್ದರೆ ಊರೇ ಕಟ್ಟಬೇಕು. ಇಸ್ಪ್ರಾವ್ನಿಕ್ ಬೈಯೋಕೆ ಬೇರೆ ಬರಬೇಕಾಗಿಲ್ಲ, ನೆರೆಯವನೇ ನೆರೆಯವನ ಹಸು ಹೊಡೆದುಕೊಂಡು ಹೋಗೋ ಹಾಗೆ ಮಾಡಿದರು. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ನೋಡಿ! ಹೊರಗೆ ಕೂಲಿಗೆ ಹೋಗಬೇಕಾದರೆ ಹೋಬಳಿ ಕಛೇರಿಯ ಪರವಾನಗಿ ಬೇಕು. ಆ ಹೋಬಳಿಗೆ ವೋಲಸ್ತ್ ಅಂತಾರೆ. ಬಾಕಿದಾರನಿಗೆ ಪರವಾನಗಿ ಸುಲಭವಾಗಿ ಸಿಗ್ತಿರಲಿಲ್ಲ. ವೋಲಸ್ತ್ ನ್ಯಾಯಪಂಚಾಯ್ತಿಗೆ ರೈತನಿಗೆ 20 ಛಡಿ ಏಟಿನವರೆಗೆ ಹೊಡೆಸುವ ಅಧಿಕಾರ ಇತ್ತು. ಇದು 1904ರವರೆಗೂ ನಡೀತು.

1864ರಲ್ಲಿ ಜೆಮ್ಸ್ತ್ವೋ ಎಂಬ ಚುನಾಯಿತ ಮಂಡಳಿಗಳು ಬಂದವು. ಆಸ್ಪತ್ರೆ, ಶಾಲೆ, ರಸ್ತೆ ಮಾಡಿದರು, ಇಲ್ಲ ಅನ್ನಬಾರದು. ಆದರೆ ಮೇಲುಗೈ ಜಮೀನ್ದಾರರದ್ದೇ.

ಸುಗ್ಗಿ ಮುಗಿದ ಕೂಡಲೇ ಕಂತು. ಎಲ್ಲರೂ ಒಟ್ಟಿಗೆ ಧಾನ್ಯ ಮಾರಿದರೆ ದರ ಬೀಳದೆ ಇರುತ್ತದೆಯೇ? ವಸಂತದಲ್ಲಿ ಅದೇ ರೈ ಧಾನ್ಯವನ್ನು ಹೆಚ್ಚು ಬೆಲೆಗೆ ಕೊಂಡು ತಿನ್ನಬೇಕು. 1887ರಿಂದ ಹಣಕಾಸು ಮಂತ್ರಿಯಾಗಿದ್ದ ವಿಶ್ನೆಗ್ರಾಡ್ಸ್ಕಿಗೆ ಬೇಕಿದ್ದದ್ದು ರಫ್ತು. ಕಂದಾಯ ಬಿಗಿ ಮಾಡಿದರೆ ಧಾನ್ಯ ತಾನಾಗಿ ಬಂದರಿಗೆ ಹೋಗುತ್ತೆ. 1891ರಲ್ಲಿ ಮಳೆ ಕೈಕೊಟ್ಟಿತು. ರೈ ರಫ್ತು ನಿಲ್ಲಿಸಿದ್ದು ಆಗಸ್ಟಿನಲ್ಲಿ. ಆ ಶರತ್ಕಾಲ ಟಾಲ್‌ಸ್ಟಾಯ್ ಕ್ರಾಪಿವ್ನಾದಿಂದ ಹಿಡಿದು ತುಲಾದ ನಾಲ್ಕು ಉಯೆಜ್ದ್ ಸುತ್ತಿದರು. ಎಲ್ಲ ಕಡೆ ಕಂಡದ್ದು ಕಪ್ಪು, ಕಹಿ ರೊಟ್ಟಿ. ಮೂರನೇ ಒಂದು ಪಾಲು, ಕೆಲವು ಕಡೆ ಅರ್ಧ, ಲೆಬೆದಾ ಎಂಬ ಕಳೆಯ ಬೀಜ. ನಮ್ಮ ಚಕ್ಕೋತ ಸೊಪ್ಪಿನ ಜಾತಿಯ ಗಿಡ ಅದು. ಸೊಪ್ಪು ತಿನ್ನಬಹುದು, ಬೀಜದ ಹಿಟ್ಟು ಬರೀ ಹೊಟ್ಟೆಗೆ ಬಿದ್ದರೆ ವಾಂತಿ. ಅವರು ಬರೆದದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಈ ರೊಟ್ಟಿ ಬರಗಾಲದ್ದು ಮಾತ್ರ ಅಲ್ಲ, ಮಾಮೂಲು ವರ್ಷದಲ್ಲೂ ಕೆಲವರು ತಿನ್ನುತ್ತಿದ್ದರು ಅಂತ.

1903ರಲ್ಲಿ ಊರೊಟ್ಟಿನ ಹೊಣೆ ಬಹುಪಾಲು ಕಡೆ ಹೋಯಿತು. 1905ರಲ್ಲಿ ರೈತರು ದಂಗೆ ಎದ್ದು ಧಣಿಗಳ ಬಂಗಲೆಗಳಿಗೆ ಬೆಂಕಿ ಬಿದ್ದ ಮೇಲೆ, ಆ ನವೆಂಬರಿನಲ್ಲಿ ಘೋಷಣೆ ಬಂತು: 1906ಕ್ಕೆ ಅರ್ಧ ಕಂತು, 1907ರ ಜನವರಿ 1ರಿಂದ ಪೂರ್ತಿ ರದ್ದು. ಕಾನೂನಿನ ಒತ್ತಾಯದಿಂದ 1883ರಲ್ಲಿ ಈ ಸಾಲಕ್ಕೆ ಸೇರಿದವರ 49 ವರ್ಷ ಲೆಕ್ಕ ಹಾಕಿದರೆ, ಅವರ ಕೊನೇ ಕಂತು ಮುಗೀಬೇಕಾಗಿದ್ದದ್ದು 1932ರ ಹೊತ್ತಿಗೆ.