ಮೇಲೆ ಯಾವುದು, ಕೆಳಗೆ ಯಾವುದು? 30 ವರ್ಷ ದಾಟಿದ ‘ಡಿಸೆಂಟ್’ ಗೇಮ್ ಇನ್ನೂ ಯಾಕೆ ಸತ್ತಿಲ್ಲ

ಇವತ್ತಿನ ಎಪಿಸೋಡ್ ಕೇಳೋಕೆ ನಿಮ್ಮ ಫೋನ್ ಕೈಯಲ್ಲೇ ಇರ್ಬೇಕು. ಇಯರ್‌ಫೋನ್ ಹಾಕ್ಕೊಂಡು ಫೋನ್ ಜೇಬಿಗೆ ಹಾಕಿದ್ರೆ ಒಂದು ನಿಮಿಷ ಹೊರಗೆ ತೆಗೀರಿ. ಬಸ್ಸಲ್ಲಿ ನಿಂತಿದ್ರೆ ಮಾತ್ರ ಬೇಡ, ಆಮೇಲೆ ಮಾಡಿ.

ಆ ಫೋನನ್ನ ಒಂದು ಪುಟ್ಟ ಬಾಹ್ಯಾಕಾಶ ನೌಕೆ ಅಂದ್ಕೊಳ್ಳಿ. ಮುಂದೆ ತಳ್ಳಿ, ಹಿಂದೆ ಎಳೀರಿ. ಎಡಕ್ಕೆ, ಬಲಕ್ಕೆ ಸರಿಸಿ. ಮೇಲೆ ಎತ್ತಿ, ಕೆಳಗೆ ಇಳಿಸಿ. ಇದು ಮೂರು ಥರದ ಚಲನೆ ಆಯ್ತು. ಈಗ ಫೋನ್ ಇದ್ದ ಜಾಗದಲ್ಲೇ ಇರ್ಲಿ, ಬರೀ ತಿರುಗಿಸೋಣ. ಮೂತಿ ಮೇಲೆ ಕೆಳಗೆ ಬಾಗಿಸೋದು ಒಂದು. ಎಡ ಬಲಕ್ಕೆ ತಿರುಗಿಸೋದು ಇನ್ನೊಂದು. ಬೀಗದಲ್ಲಿ ಕೀಲಿ ತಿರುಗಿಸ್ತೀವಲ್ಲ, ಹಾಗೆ ಉರುಳಿಸೋದು ಮತ್ತೊಂದು. ಮೂರು ಪ್ಲಸ್ ಮೂರು, ಆರು. ಗಾಳಿಯಲ್ಲಿ ತೇಲೋ ಯಾವ ವಸ್ತುವಿಗೂ ಇರೋದು ಈ ಆರು ಥರದ ಸ್ವಾತಂತ್ರ್ಯ ಅಷ್ಟೇ. ಗೇಮಿಂಗ್ ಭಾಷೆಯಲ್ಲಿ ಇದಕ್ಕೆ ಸಿಕ್ಸ್ ಡಿಗ್ರೀಸ್ ಆಫ್ ಫ್ರೀಡಂ ಅಂತಾರೆ. ವಿಆರ್ ಹೆಡ್‌ಸೆಟ್ ಡಬ್ಬದ ಮೇಲೆ ‘ಸಿಕ್ಸ್ ಡಾಫ್’ ಅಂತ ನೋಡಿದ್ರೆ, ಅದು ಇದೇ.

ಈ ಆರನ್ನೂ ಪೂರ್ತಿಯಾಗಿ ಆಟಗಾರನ ಕೈಗೆ ಕೊಟ್ಟ ಒಂದು ಶೂಟರ್ ಗೇಮ್ 1995ರಲ್ಲಿ ಬಂತು. ಹೆಸರು ಡಿಸೆಂಟ್. ಕಂಪ್ಯೂಟರ್‌ನ ರಾಮ್ ಅನ್ನು ಜಿಬಿಯಲ್ಲಲ್ಲ, ಎಂಬಿಯಲ್ಲಿ ಎಣಿಸ್ತಿದ್ದ ಕಾಲ ಅದು. ಅದರ ಮೊದಲ ಕಂಪನಿ ಇಬ್ಭಾಗ ಆಯ್ತು. ಆ ಎರಡು ಭಾಗಗಳೂ ಈಗ ಮುಚ್ಚಿವೆ. ಅಂಗಡಿಯಿಂದಲೂ ಅದು ಒಂದು ಸಲ ಮಾಯವಾಗಿತ್ತು. ಆದ್ರೂ ಇವತ್ತು ರಾತ್ರಿ ಬೇಕಿದ್ರೆ ನೀವು ಅದನ್ನ ಆಡಬಹುದು. ಹೋದ ವರ್ಷ ದುಡ್ಡು ಕೊಟ್ಟು ತಗೊಂಡ ಯಾವುದೋ ಗೇಮ್ ಈ ವರ್ಷ ಓಪನ್ ಆಗದೇ ಇರೋ ಕಾಲದಲ್ಲಿ ಇದು ಹೇಗೆ ಸಾಧ್ಯ ಆಯ್ತು? ಇವತ್ತಿನ ಮಾತು ಅದರ ಬಗ್ಗೆ.

ಮೊದಲು ಗೇಮ್ ಏನು ಅಂತ ಹೇಳ್ತೀನಿ. ಚಂದ್ರನಿಂದ ಶುರುವಾಗಿ ಸೌರವ್ಯೂಹದ ತುಂಬಾ ಒಂದು ಕಂಪನಿಯ ಗಣಿಗಳಿವೆ. ಅಲ್ಲಿ ಕೆಲಸ ಮಾಡೋದು ರೋಬಾಟ್‌ಗಳು. ಅವಕ್ಕೆ ಬೇರೆ ಲೋಕದ ವೈರಸ್ ಹತ್ತಿದೆ. ಆ ಕಂಪನಿ ನಿಮ್ಮನ್ನ ಕೂಲಿಗೆ ಗೊತ್ತು ಮಾಡಿ, ಪೈರೋ ಜಿಎಕ್ಸ್ ಅನ್ನೋ ನೌಕೆಯಲ್ಲಿ ಗಣಿಯೊಳಗೆ ಕಳಿಸುತ್ತೆ. ನೀಲಿ, ಹಳದಿ, ಕೆಂಪು ಕೀಲಿಗಳನ್ನ ಹುಡುಕಿ ಬಾಗಿಲು ತೆಗೀಬೇಕು. ಒತ್ತೆಯಾಳುಗಳನ್ನ ಬಿಡಿಸಬೇಕು. ಕೊನೆಗೆ ರಿಯಾಕ್ಟರ್ ಒಡೀಬೇಕು. ಅಲ್ಲಿಗೆ ಮುಗೀತು ಅಂದ್ಕೊಂಡ್ರಾ? ಇಲ್ಲ. ರಿಯಾಕ್ಟರ್ ಒಡೆದ ಕೂಡಲೇ ಕೌಂಟ್‌ಡೌನ್ ಶುರು. ಗಣಿ ಸಿಡಿಯೋಕೆ ಮುಂಚೆ ಹೊರಗೆ ಹೋಗೋ ದಾರಿ ನಿಮಗೇ ನೆನಪಿರ್ಬೇಕು.

ತಮಾಷೆ ಇರೋದು ಆ ದಾರಿಯಲ್ಲೇ. ಗಣಿಯೊಳಗೆ ಗುರುತ್ವಾಕರ್ಷಣೆ ಇಲ್ಲ. ಬರುವಾಗ ನೆಲ ಆಗಿದ್ದದ್ದು ಹೋಗುವಾಗ ಗೋಡೆ ಆಗಿರುತ್ತೆ, ಇಲ್ಲಾಂದ್ರೆ ಛಾವಣಿ ಆಗಿರುತ್ತೆ. ‘ಎಡಕ್ಕೆ ತಿರುಗಿ, ಆಮೇಲೆ ಬಲಕ್ಕೆ’ ಅಂತ ಬಾಯಿಪಾಠ ಮಾಡಿದ್ರೂ ಪ್ರಯೋಜನ ಇಲ್ಲ. ನೌಕೆ ತಲೆಕೆಳಗಾಗಿದ್ರೆ ಎಡವೇ ಬಲ. ಮ್ಯಾಪ್ ಇದೆ, ಆದ್ರೆ ಅದೂ ತಂತಿ ಬಲೆಯ ಥರದ ತ್ರೀಡಿ ಚಿತ್ರ. ಅದನ್ನ ಓದೋಕೂ ತಿರುಗಿಸ್ತಾ ಕೂರಬೇಕು.

ಆ ಕಾಲದ ದೊಡ್ಡ ಹೆಸರು ಡೂಮ್, 1993ರ ಡಿಸೆಂಬರ್‌ನಲ್ಲಿ ಬಂದದ್ದು. ಅದು ನೋಡೋಕೆ ತ್ರೀಡಿ, ಆದ್ರೆ ಅದರಲ್ಲಿ ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಇಡೋಕೆ ಆಗ್ತಿರ್ಲಿಲ್ಲ. ತಲೆ ಎತ್ತಿ ಮೇಲೆ ನೋಡೋಕೂ ಆಗ್ತಿರ್ಲಿಲ್ಲ. ಪೂರ್ತಿ ತ್ರೀಡಿ ಅಂತ ಎಲ್ಲರೂ ಹೊಗಳೋ ಕ್ವೇಕ್ ಬಂದದ್ದು 1996ರಲ್ಲಿ. ಅದಕ್ಕೂ ಮುಂಚೆ ಡಿಸೆಂಟ್‌ನಲ್ಲಿ ಗಣಿಯೂ ತ್ರೀಡಿ, ರೋಬಾಟ್‌ಗಳೂ ತ್ರೀಡಿ. ಮಾಡಿದವರು ಅಮೆರಿಕದ ಇಲಿನಾಯ್ ರಾಜ್ಯದ ಪ್ಯಾರಲ್ಯಾಕ್ಸ್ ಸಾಫ್ಟ್‌ವೇರ್ ಅನ್ನೋ ಪುಟ್ಟ ಕಂಪನಿ. ಮೈಕ್ ಕುಲಾಸ್ ಮತ್ತು ಮ್ಯಾಟ್ ಟೊಶ್ಲಾಗ್ ಅದನ್ನ 1993ರಲ್ಲಿ ಶುರು ಮಾಡಿದ್ರು. ಮಾರಾಟ ಮಾಡಿದ್ದು ಇಂಟರ್‌ಪ್ಲೇ.

ಅಷ್ಟು ಬಡ ಕಂಪ್ಯೂಟರ್‌ನಲ್ಲಿ ಇದನ್ನೆಲ್ಲ ಹೇಗೆ ಓಡಿಸಿದ್ರು? ಲೆಕ್ಕ ಸರಳ. ಇಡೀ ಗಣಿ ಅನ್ನೋದು ಒಂದಕ್ಕೊಂದು ಅಂಟಿಸಿದ ಪೆಟ್ಟಿಗೆಗಳ ಸಾಲು. ಕೆಲವು ಉದ್ದ, ಕೆಲವು ಸೊಟ್ಟ, ಆದ್ರೆ ಎಲ್ಲಕ್ಕೂ ಆರೇ ಮುಖ. ಪ್ರತಿ ಮುಖ ಒಂದೋ ಗೋಡೆ, ಇಲ್ಲಾ ಪಕ್ಕದ ಪೆಟ್ಟಿಗೆಗೆ ಕಿಂಡಿ. ನೀವಿರೋ ಪೆಟ್ಟಿಗೆಯಿಂದ ಶುರು ಮಾಡಿ ಯಾವ ಕಿಂಡಿಯ ಆಚೆ ಏನು ಕಾಣುತ್ತೋ ಅಷ್ಟನ್ನ ಮಾತ್ರ ಕಂಪ್ಯೂಟರ್ ಬಿಡಿಸುತ್ತೆ. ಕಾಣದೇ ಇರೋದಕ್ಕೆ ಖರ್ಚೇ ಇಲ್ಲ. ಬಿಕಾಂ ಓದಿದ ನನಗೆ ಇಷ್ಟು ಅಚ್ಚುಕಟ್ಟಾದ ಬಜೆಟ್ ನೋಡಿದ್ರೆ ಖುಷಿ ಆಗುತ್ತೆ.

ಸರಿ, ಇಷ್ಟೆಲ್ಲ ಮುಂದಿದ್ದ ಗೇಮ್ ಜಗತ್ತನ್ನೇ ಆಳಬೇಕಿತ್ತಲ್ವಾ? ಆಳಲಿಲ್ಲ. ಹೆಸರು ಮಾಡ್ತು, 1996ರಲ್ಲಿ ಎರಡನೇ ಭಾಗ, 1999ರಲ್ಲಿ ಮೂರನೇ ಭಾಗ ಬಂತು, ಅಷ್ಟೇ. ಶೂಟರ್ ಅಂದ್ರೆ ನೆಲದ ಮೇಲೆ ಕಾಲೂರಿ ಓಡೋದು ಅಂತಲೇ ಪ್ರಪಂಚ ಒಪ್ಪಿಕೊಳ್ತು. ನಿಮ್ಮ ಫೋನಿನ ಬಿಜಿಎಂಐ ತನಕ ಕಥೆ ಅದೇ.

ಕಾರಣ ನಮ್ಮ ದೇಹದಲ್ಲೇ ಇದೆ. ನಾವು ಹುಟ್ಟಿದಾಗಿಂದ ‘ಕೆಳಗೆ’ ಅನ್ನೋದನ್ನ ಪುಕ್ಕಟೆಯಾಗಿ ಪಡೆದವರು. ಫೋನ್ ಅಡ್ಡ ಹಿಡಿದ್ರೆ ಸ್ಕ್ರೀನ್ ತಿರುಗೋದೂ ಭೂಮಿ ಯಾವ ಕಡೆ ಎಳೀತಿದೆ ಅಂತ ಅದರೊಳಗಿನ ಸೆನ್ಸರ್‌ಗೆ ಗೊತ್ತಾಗೋದ್ರಿಂದ. ಡಿಸೆಂಟ್ ಆ ಆಧಾರವನ್ನೇ ಕಿತ್ತುಕೊಂಡ್ತು. ಕಣ್ಣು ‘ತಿರುಗ್ತಾ ಇದ್ದೀವಿ’ ಅನ್ನುತ್ತೆ, ಕಿವಿಯೊಳಗಿನ ಸಮತೋಲನದ ಅಂಗ ‘ಇಲ್ಲ, ಕುರ್ಚಿ ಮೇಲೆ ಕೂತಿದ್ದೀವಿ’ ಅನ್ನುತ್ತೆ. ಇವೆರಡರ ಜಗಳದಲ್ಲಿ ವಾಂತಿ ಬರೋ ಹಾಗಾಗುತ್ತೆ. ಘಾಟಿ ರಸ್ತೆಯಲ್ಲಿ ಬಸ್ಸಿನ ಹಿಂದಿನ ಸೀಟಲ್ಲಿ ಕೂತು ಫೋನ್ ನೋಡಿದವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಮಾಡಿದವರಿಗೂ ಈ ಕಷ್ಟ ಗೊತ್ತಿತ್ತು ಅನ್ನೋಕೆ ಸಾಕ್ಷಿ ಇದೆ. ಎರಡನೇ ಭಾಗದಲ್ಲಿ ‘ಗೈಡ್ ಬಾಟ್’ ಅಂತ ಒಂದು ಪುಟ್ಟ ರೋಬಾಟ್ ಕೊಟ್ರು. ಅದರ ಕೆಲಸ ಒಂದೇ, ನಿಮ್ಮ ಮುಂದೆ ಹಾರ್ತಾ ದಾರಿ ತೋರ್ಸೋದು.

ಇನ್ನೊಂದು ಕಷ್ಟ ಕೈಯದ್ದು. ಫೋನಲ್ಲಿ ಎಡ ಹೆಬ್ಬೆರಳಿಂದ ಎರಡು ಚಲನೆ, ಬಲ ಹೆಬ್ಬೆರಳಿಂದ ಎರಡು. ಉಳಿದ ಎರಡಕ್ಕೆ ಬೆರಳೆಲ್ಲಿ? ಅದರ ಮೇಲೆ ಗುಂಡು ಹಾರಿಸ್ಬೇಕು. ಈ ಜಾತಿಯ ಗೇಮ್‌ಗಳು ಫೋನಿಗೆ ಯಾಕೆ ಒಗ್ಗಲ್ಲ ಅನ್ನೋದಕ್ಕೆ ಇದೊಂದು ದೊಡ್ಡ ಕಾರಣ.

ಹಾಗಾಗಿ ಹೆಚ್ಚಿನವರು ಬಿಟ್ರು. ಕಲಿತವರು ಮಾತ್ರ ಬಿಡಲೇ ಇಲ್ಲ. ಒಂದು ಉದಾಹರಣೆ ಕೊಡ್ತೀನಿ. ಆಟಗಾರರು ಒಂದು ವಿಷಯ ಪತ್ತೆ ಮಾಡಿದ್ರು. ನೌಕೆ ಮುಂದೆ ಹೋಗೋ ವೇಗ, ಪಕ್ಕಕ್ಕೆ ಹೋಗೋ ವೇಗ, ಮೇಲೆ ಹೋಗೋ ವೇಗ, ಈ ಮೂರನ್ನೂ ಗೇಮ್ ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತೆ. ಮೂರನ್ನೂ ಒಟ್ಟಿಗೆ ಒತ್ತಿದ್ರೆ ನೌಕೆ ಮೂಲೆಯಿಂದ ಮೂಲೆಗೆ ಓರೆಯಾಗಿ ಹಾರುತ್ತೆ. ಆಗ ವೇಗ ಮೂರರ ವರ್ಗಮೂಲದಷ್ಟು, ಅಂದ್ರೆ ಸುಮಾರು 1.73 ಪಟ್ಟು. ಇದಕ್ಕೆ ಟ್ರೈಕಾರ್ಡಿಂಗ್ ಅಂತ ಹೆಸರು. ಓರೆಯಾಗಿ ಹಾರ್ತಾ ನೇರವಾಗಿ ಗುರಿ ಇಡೋದು ಒಂದು ದಿನದಲ್ಲಿ ಬರೋ ವಿದ್ಯೆ ಅಲ್ಲ. ಇಷ್ಟು ಕಷ್ಟಪಟ್ಟು ಈಜು ಕಲಿತವನಿಗೆ ಕೆರೆ ಒಂದೇ ಇದ್ರೆ ಆ ಕೆರೆ ಬತ್ತೋಕೆ ಅವನು ಬಿಡಲ್ಲ.

ಈಗ ವ್ಯವಹಾರದ ಕಥೆಗೆ ಬರ್ತೀನಿ. ಎರಡನೇ ಭಾಗ ಆದ್ಮೇಲೆ ಪ್ಯಾರಲ್ಯಾಕ್ಸ್ ಇಬ್ಭಾಗ ಆಯ್ತು. ಟೊಶ್ಲಾಗ್ ಕಡೆಯದ್ದು ಔಟ್‌ರೇಜ್, ಮೂರನೇ ಡಿಸೆಂಟ್ ಮಾಡಿದ್ದು ಅದೇ. ಕುಲಾಸ್ ಕಡೆಯದ್ದು ವೊಲಿಶನ್. ಫ್ರೀಸ್ಪೇಸ್, ರೆಡ್ ಫ್ಯಾಕ್ಷನ್, ಸೇಂಟ್ಸ್ ರೋ ಎಲ್ಲ ಮಾಡಿದ್ದು ಇವರು. ಔಟ್‌ರೇಜ್ 2000ರ ದಶಕದ ಮೊದಲ ಭಾಗದಲ್ಲೇ ಮುಚ್ಚಿತು. ವೊಲಿಶನ್ ಕೈಯಿಂದ ಕೈಗೆ ಮಾರಾಟವಾಗಿ ಕೊನೆಗೆ ಎಂಬ್ರೇಸರ್ ಗ್ರೂಪ್ ಪಾಲಾಯ್ತು. 2023ರ ಆಗಸ್ಟ್ 31ರಂದು ಅದರ ಬಾಗಿಲೂ ಹಾಕಿದ್ರು. ಮಧ್ಯೆ ಇನ್ನೊಂದು ತಾಪತ್ರಯ. 2015ರ ಕೊನೆಯ ಹೊತ್ತಿಗೆ ಹಳೇ ಡಿಸೆಂಟ್ ಗೇಮ್‌ಗಳು ಆನ್‌ಲೈನ್ ಅಂಗಡಿಯಿಂದ ಮಾಯವಾದ್ವು. ಮಾಡಿದವರಿಗೂ ಪ್ರಕಾಶಕರಿಗೂ ನಡುವೆ ರಾಯಲ್ಟಿ ತಕರಾರು. ಮುಂದೆ ಅವು ವಾಪಸ್ ಬಂದ್ವು, ಆದ್ರೆ ಆ ಗ್ಯಾಪಲ್ಲಿ ಹೊಸದಾಗಿ ಕೊಳ್ಳೋಕೆ ಹೋದವರಿಗೆ ಸಿಗಲಿಲ್ಲ.

ಇಂಥ ಲೆಕ್ಕದಲ್ಲಿ ಗೇಮ್ ಸತ್ತೇ ಹೋಗ್ಬೇಕಿತ್ತು. ಉಳಿಸಿದ್ದು ತುಂಬಾ ಹಿಂದೆ ತಗೊಂಡ ಒಂದು ನಿರ್ಧಾರ. ಮೊದಲ ಡಿಸೆಂಟ್ ಬಂದು ಮೂರು ವರ್ಷ ಆಗೋ ಹೊತ್ತಿಗೇ ಪ್ಯಾರಲ್ಯಾಕ್ಸ್ ಅದರ ಸೋರ್ಸ್ ಕೋಡನ್ನ ಜನರಿಗೆ ಕೊಟ್ಟುಬಿಡ್ತು. ಆಮೇಲೆ ಎರಡನೆಯದ್ದೂ ಬಂತು. ಷರತ್ತು ಸ್ಪಷ್ಟ: ವ್ಯಾಪಾರಕ್ಕೆ ಬಳಸೋ ಹಾಗಿಲ್ಲ. ಲೆವೆಲ್‌ಗಳು, ಚಿತ್ರಗಳು, ಸದ್ದು ಇರೋ ಫೈಲ್‌ಗಳು ಪುಕ್ಕಟೆ ಅಲ್ಲ, ಅದಕ್ಕೆ ಗೇಮ್ ಕೊಳ್ಳಲೇಬೇಕು. ಹೋಟೆಲ್‌ನವರು ಅಡುಗೆ ಮಾಡೋ ವಿಧಾನ ಬರೆದುಕೊಟ್ಟು, ಸಾಮಾನು ಮಾತ್ರ ನಮ್ಮ ಹತ್ರಾನೇ ತಗೊಳ್ಳಿ ಅಂದ ಹಾಗೆ.

ಅಷ್ಟು ಸಾಕಾಯ್ತು. ಡಾಸ್ ಹೋಯ್ತು, ವಿಂಡೋಸ್ ಬದಲಾಗ್ತಾ ಬಂತು, ಸ್ಕ್ರೀನ್ ಅಗಲ ಆಯ್ತು. ಪ್ರತಿ ಸಲವೂ ಅಭಿಮಾನಿಗಳೇ ಕೂತು ಕೋಡ್ ತಿದ್ದಿದ್ರು. ಡಿಎಕ್ಸ್ಎಕ್ಸ್ ರೀಬರ್ತ್ ಅನ್ನೋದು ಹಾಗೆ ಬೆಳೆದ ಒಂದು ಆವೃತ್ತಿ. ಇವತ್ತಿನ ಲ್ಯಾಪ್‌ಟಾಪ್‌ನಲ್ಲಿ ಆರಾಮಾಗಿ ಓಡುತ್ತೆ. ಕುಲಾಸ್ ಮತ್ತು ಟೊಶ್ಲಾಗ್ ಮತ್ತೆ ಒಂದಾಗಿ, ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ದುಡ್ಡು ಕೂಡಿಸಿ, 2018ರಲ್ಲಿ ಓವರ್‌ಲೋಡ್ ಅನ್ನೋ ಹೊಸ ಗೇಮ್ ತಂದ್ರು. ಅದೇ ಗಣಿ, ಅದೇ ಆರು ದಿಕ್ಕಿನ ಹಾರಾಟ. 2024ರ ಏಪ್ರಿಲ್‌ನಲ್ಲಿ ಮೂರನೇ ಡಿಸೆಂಟ್‌ನ ಕೋಡ್ ಕೂಡ ಬಯಲಿಗೆ ಬಂತು, ಅದೂ ಗೇಮ್ ಬಂದು ಸುಮಾರು 25 ವರ್ಷ ಆದ್ಮೇಲೆ.

ಇದರ ಎದುರಿಗೆ ನಮ್ಮ ಫೋನ್ ಇಡೋಣ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ಬ್ಯಾನ್ ಆಯ್ತು. ಅದರ ಜಾಗಕ್ಕೆ ಬಂದ ಬಿಜಿಎಂಐ 2022ರ ಜುಲೈನಲ್ಲಿ ಸ್ಟೋರ್‌ನಿಂದ ಹೋಯ್ತು, 2023ರ ಮೇನಲ್ಲಿ ವಾಪಸ್ ಬಂತು. ಬ್ಯಾನ್ ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ನಾನು ಕೇಳೋದು ಇಷ್ಟೇ: ಆ ತಿಂಗಳುಗಳಲ್ಲಿ ನೀವು ದುಡ್ಡು ಕೊಟ್ಟು ತಗೊಂಡ ಸ್ಕಿನ್ ಎಲ್ಲಿತ್ತು? ನಿಮ್ಮ ಹತ್ರ ಇರ್ಲಿಲ್ಲ. ಅವರ ಸರ್ವರ್‌ನಲ್ಲಿತ್ತು. ನಾವು ಕೊಂಡದ್ದು ವಸ್ತು ಅಲ್ಲ, ಬಳಸೋ ಅನುಮತಿ.

ಇದು ಬರೀ ನಮ್ಮ ಗೋಳಲ್ಲ. ಯೂಬಿಸಾಫ್ಟ್ ಕಂಪನಿ ದಿ ಕ್ರೂ ಅನ್ನೋ ರೇಸಿಂಗ್ ಗೇಮ್‌ನ ಸರ್ವರ್ ಅನ್ನು 2024ರ ಮಾರ್ಚ್ ಕೊನೆಯಲ್ಲಿ ನಿಲ್ಲಿಸಿತು. ಒಬ್ಬರೇ ಆಡೋ ಮೋಡ್ ಕೂಡ ಸರ್ವರ್ ಇಲ್ದೆ ನಡೆಯಲ್ಲ. ಡಿಸ್ಕ್ ಕೈಯಲ್ಲಿದ್ರೂ ಗೇಮ್ ಇಲ್ಲ. ಅದರ ಬೆನ್ನಲ್ಲೇ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅನ್ನೋ ಚಳವಳಿ ಶುರುವಾಯ್ತು. 2025ರ ಜುಲೈನಲ್ಲಿ ಯುರೋಪಿನಲ್ಲಿ ಅವರ ಮನವಿಯ ಸಹಿಗಳು 10 ಲಕ್ಷ ದಾಟಿದ್ವು. ಅವರ ಬೇಡಿಕೆ ಕಂಪನಿ ಸಾಯೋ ತನಕ ಸರ್ವರ್ ನಡೆಸಿ ಅಂತಲ್ಲ. ನಿಲ್ಲಿಸೋ ದಿನ, ಕೊಂಡವರು ಮುಂದೆಯೂ ಆಡೋಕೆ ಒಂದು ದಾರಿ ಬಿಟ್ಟು ಹೋಗಿ ಅಂತ.

ಕಂಪನಿಗಳದ್ದೂ ಒಂದು ವಾದ ಇದೆ, ಹೇಳದೇ ಇದ್ರೆ ತಪ್ಪಾಗುತ್ತೆ. ಇವತ್ತಿನ ಗೇಮ್ ಒಂದರಲ್ಲಿ ಹತ್ತಾರು ಕಡೆಯಿಂದ ಲೈಸೆನ್ಸ್ ತಗೊಂಡ ಹಾಡು, ಕಾರು, ಸಾಫ್ಟ್‌ವೇರ್ ಇರುತ್ತೆ. ಬಯಲು ಮಾಡೋದು ಡಿಸೆಂಟ್ ಕಾಲದಷ್ಟು ಸುಲಭ ಅಲ್ಲ. ಒಪ್ಪೋಣ. ಆದ್ರೆ ಡಿಸೆಂಟ್‌ನವರೂ ಎಲ್ಲವನ್ನೂ ದಾನ ಮಾಡಿರ್ಲಿಲ್ಲ. ವ್ಯಾಪಾರದ ಹಕ್ಕು ಇಟ್ಕೊಂಡು, ರಿಪೇರಿಯ ಹಕ್ಕು ಮಾತ್ರ ಕೊಟ್ಟಿದ್ರು. ಹಾಗೆ ಮಾಡಿದ್ರಿಂದ ಕಂಪನಿಗಳು ಹೋದ ಮೇಲೂ ಅದನ್ನ ಮಾರೋಕೆ ಸಾಧ್ಯ ಆಗ್ತಿದೆ. ಅಂದ್ರೆ ಇದು ಧರ್ಮದ ಮಾತಷ್ಟೇ ಅಲ್ಲ, ಲಾಭದ ಮಾತೂ ಹೌದು.

ಹಾಗಾಗಿ ಮುಂದಿನ ಸಲ ಗೇಮ್ ಒಳಗೆ ಯುಪಿಐ ಪಿನ್ ಒತ್ತೋಕೆ ಮುಂಚೆ ಒಂದು ಕೆಲಸ ಮಾಡಿ. ಇಂಟರ್ನೆಟ್ ಆಫ್ ಮಾಡಿ ಆ ಗೇಮ್ ಓಪನ್ ಮಾಡಿ ನೋಡಿ. ಓಪನ್ ಆದ್ರೆ ಸ್ವಲ್ಪ ಆದ್ರೂ ನಿಮ್ಮದು. ಆಗದಿದ್ರೆ ನೀವು ಕಟ್ತಿರೋದು ಬಾಡಿಗೆ. ಬಾಡಿಗೆ ಕಟ್ಟೋದು ತಪ್ಪಲ್ಲ, ಬಾಡಿಗೆ ಅಂತ ಗೊತ್ತಿದ್ದು ಕಟ್ಟಿ.

ಇನ್ನು ಡಿಸೆಂಟ್ ಆಡಬೇಕು ಅನ್ನಿಸಿದವರಿಗೆ: ಕಂಪ್ಯೂಟರ್ ಬೇಕು. ಮೊದಲ ಏಳು ಲೆವೆಲ್‌ಗಳ ಶೇರ್‌ವೇರ್ ಆವೃತ್ತಿ ಆಗಲೂ ಉಚಿತವಾಗಿತ್ತು, ಡಿಎಕ್ಸ್ಎಕ್ಸ್ ರೀಬರ್ತ್‌ನಲ್ಲಿ ಅದೂ ಓಡುತ್ತೆ. ಸೆಟ್ಟಿಂಗ್ಸ್‌ನಲ್ಲಿ ನೌಕೆ ತಾನಾಗೇ ನೆಟ್ಟಗಾಗೋ ಆಯ್ಕೆ ಇದೆ, ಶುರುವಿನಲ್ಲಿ ಅದನ್ನ ಆನ್ ಇಟ್ಕೊಳ್ಳಿ. ಪ್ರತಿ ಕೋಣೆಗೆ ಹೋದ ತಕ್ಷಣ ‘ಇದು ನೆಲ’ ಅಂತ ಒಂದು ಗೋಡೆಯನ್ನ ನೀವೇ ಗೊತ್ತು ಮಾಡ್ಕೊಳ್ಳಿ. ತಲೆ ತಿರುಗಿದ್ರೆ ಹಟ ಮಾಡಬೇಡಿ, ನಿಲ್ಲಿಸಿ, ಕಿಟಕಿಯಿಂದ ದೂರ ನೋಡಿ, ನಾಳೆ ಮತ್ತೆ ಕೂತ್ಕೊಳ್ಳಿ.

ರಿಯಾಕ್ಟರ್ ಒಡೆದು ಹೊರಗೆ ಬಂದವರು ಯಾವ ಲೆವೆಲ್ ತನಕ ಹೋದ್ರಿ ಅಂತ ನನಗೆ ತಿಳಿಸಿ.